ಮಿರಜದ ವಾನ್ಲೆಸ್ ಡಾಕ್ಟರು

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆಯ ಕನ್ನಡ ಮನೆಗಳಲ್ಲಿ ದೊಡ್ಡ ಕಾಯಿಲೆಯೆಂದರೆ ಮಿರಜಕ್ಕೆ ಹೋಗುವುದು ರೂಢಿ. ಆ ರೂಢಿಗೆ ಕಾರಣರಾದವರು ಸರ್ ವಿಲಿಯಂ ವಾನ್ಲೆಸ್.

1865ರಲ್ಲಿ ಕೆನಡಾದಲ್ಲಿ ಜನಿಸಿದ ಇವರು 1889ರಲ್ಲಿ ಮಿಶನ್ ವೈದ್ಯರಾಗಿ ಭಾರತಕ್ಕೆ ಬಂದು, 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದರು.

ಶಸ್ತ್ರಕ್ರಿಯೆಯ ಕೊಠಡಿಯೇ ಮಾರ್ಪಡುತ್ತಿದ್ದ ಕಾಲವದು. ಹಿಂದೆ ಯುರೋಪಿನಲ್ಲಿ ಅದು ನಾಟಕಶಾಲೆಯಂತಿತ್ತು: ನಡುವೆ ಮರದ ಮೇಜು, ಸುತ್ತ ನೋಡಲು ನೆರೆದ ವಿದ್ಯಾರ್ಥಿಗಳು. ಗಾಯ ಕೀವುಗಟ್ಟಿ ರೋಗಿ ಸಾಯುವುದು ಸಾಮಾನ್ಯವಾಗಿತ್ತು. ಕಾರ್ಬಾಲಿಕ್ ಆಮ್ಲದಿಂದ ಇದನ್ನು ತಡೆಯಬಹುದೆಂದು 1867ರಲ್ಲಿ ಲಿಸ್ಟರ್ ತೋರಿಸಿಕೊಟ್ಟರು. ಬಳಿಕ ಹಬೆಯಲ್ಲಿ ಶುದ್ಧಗೊಳಿಸಿದ ಉಪಕರಣ, ತೊಳೆಯಬಲ್ಲ ನುಣುಪಾದ ಗೋಡೆ, ಬೆಳಕಿಗೆ ದೊಡ್ಡ ಕಿಟಕಿ, ಪ್ರತ್ಯೇಕ ಕೊಠಡಿ ಬಂದವು.

ಕೊಠಡಿಯೊಂದೇ ಸಾಲದು, ಶುಚಿತ್ವ ಬಲ್ಲ ಕೈಗಳೂ ಬೇಕು. 1897ರಲ್ಲಿ ವಾನ್ಲೆಸ್ ಅಲ್ಲಿಯೇ ವೈದ್ಯಶಾಲೆ ತೆರೆದು ಇಲ್ಲಿಯವರನ್ನೇ ತರಬೇತುಗೊಳಿಸಿದರು. 1928ರಲ್ಲಿ ಸರ್ ಪದವಿ ದೊರೆಯಿತು, 1933ರಲ್ಲಿ ನಿಧನರಾದರು. ಸಾಂಗ್ಲಿ-ಮಿರಜದ ನಡುವಣ ವಾನ್ಲೆಸ್‌ವಾಡಿ ಇಂದಿಗೂ ಅವರ ಹೆಸರು ಹೊತ್ತಿದೆ.

2020ರಲ್ಲಿ ತಲಪಾಡಿ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳ ದಾರಿ ಕಟ್ಟಿಹೋದುದನ್ನು ಕಂಡ ಕಾಸರಗೋಡಿನವರಿಗೆ, ಗಡಿಯಾಚೆಯ ಅಂಥ ಕೊಠಡಿಯೊಂದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.