ಮೈಕೇಲ್ ವೆಸ್ಟ್: ಓದನ್ನು ಮೊದಲಿಟ್ಟ ಮೇಷ್ಟ್ರು

ಬಿ.ಎಡ್. ಪರೀಕ್ಷೆಗೆ ನಾವು ‘ವೆಸ್ಟ್ ಪದ್ಧತಿ’ ಎಂದು ಬಾಯಿಪಾಠ ಮಾಡುತ್ತೇವಲ್ಲ, ಆ ವೆಸ್ಟ್ ನಮ್ಮ ಹಾಗೆಯೇ ಶಿಕ್ಷಕರ ತರಬೇತಿ ಕಾಲೇಜಿನವರು. 1888ರಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಓದಿ, ಭಾರತೀಯ ಶಿಕ್ಷಣ ಸೇವೆಗೆ ಸೇರಿ ಬಂಗಾಳಕ್ಕೆ ಬಂದರು. ಢಾಕಾದ ಕಾಲೇಜಿಗೆ ಪ್ರಾಂಶುಪಾಲರಾದರು.

ಅಲ್ಲಿ ಎಷ್ಟೋ ಮಕ್ಕಳು ಓದು ಮುಗಿಸುವ ಮೊದಲೇ ಶಾಲೆ ಬಿಡುತ್ತಿದ್ದರು. ಕಲಿತಷ್ಟು ಇಂಗ್ಲಿಷಿನಿಂದ ಅವರಿಗೆ ಸಿಕ್ಕಿದ್ದೇನು? ವೆಸ್ಟ್ ಇದಕ್ಕೆ ವಿಮೆಯ ಮಾತನ್ನೇ ಬಳಸಿದರು: ಸರೆಂಡರ್ ವ್ಯಾಲ್ಯೂ. ಪಾಲಿಸಿಯನ್ನು ನಡುವೆ ಬಿಟ್ಟರೂ ಕೈಗೆ ಬರುವ ಹಣವಿದ್ದಂತೆ, ಶಾಲೆ ಬಿಟ್ಟ ಮಗುವಿಗೂ ಏನಾದರೂ ಉಳಿಯಬೇಕು. ಹಾಗೆ ಉಳಿಯುವುದು ಓದು ಎಂದು ಅವರು 1926ರ ‘ಬೈಲಿಂಗ್ವಲಿಸಂ’ ಗ್ರಂಥದಲ್ಲಿ ವಾದಿಸಿದರು. ಮಾತನ್ನು ಹಿಂದಿಟ್ಟದ್ದು ನನಗೆ ಪೂರ್ತಿ ಒಪ್ಪಿಗೆಯಿಲ್ಲ; ಆದರೆ ಅವರ ಲೆಕ್ಕ ಒಪ್ಪಿಗೆ.

ಲೆಕ್ಕ ಇಷ್ಟೇ. ಆಗಿನ ಪಠ್ಯಗಳಲ್ಲಿ ಹೊಸ ಪದಗಳು ಒತ್ತೊತ್ತಾಗಿದ್ದವು. ಸುಮಾರು 50 ಪದಗಳಿಗೆ ಒಂದು ಹೊಸ ಪದ ಸಾಕು ಎಂದು ವೆಸ್ಟ್ ‘ನ್ಯೂ ಮೆಥಡ್’ ವಾಚಕಗಳನ್ನು ಬರೆದರು. ಎಸ್ಸೆಸ್ಸೆಲ್ಸಿಯ ಅಪರಿಚಿತ ಗದ್ಯಭಾಗವಿರಲಿ, ವಿದೇಶಕ್ಕೆ ಹೋಗುವವರ ಐಇಎಲ್‌ಟಿಎಸ್ ಇರಲಿ, ಗೊತ್ತಿಲ್ಲದ ಪದವನ್ನು ಸಂದರ್ಭದಿಂದ ಊಹಿಸಿ ಎಂದು ನಾವು ಹೇಳಿಕೊಡುತ್ತೇವೆ. ವಸ್ತಾರೆಯ ಮಗುವಿನ ಮುಂದೆ ಕಾಫಿ ಕಣದ ಒಂದು ವಾಕ್ಯ ಇಟ್ಟು ನೋಡಿ. ‘ವೆಟ್’, ‘ಬೀನ್ಸ್’, ‘ಯಾರ್ಡ್’, ‘ಡ್ರೈ’ ಗೊತ್ತಿದ್ದರೆ ‘ಸ್ಪ್ರೆಡ್’ ಎಂದರೆ ಹರಡುವುದೆಂದು ತಾನೇ ಹಿಡಿಯುತ್ತದೆ. ಆ ನಾಲ್ಕೂ ಗೊತ್ತಿಲ್ಲದಿದ್ದರೆ ಊಹೆಗೆ ಆಧಾರವೇ ಇಲ್ಲ. ನೂರು ಪದದಲ್ಲಿ ಎರಡು ಹೊಸದಾದರೆ ಊಹೆ ನಡೆಯುತ್ತದೆ, ಇಪ್ಪತ್ತಾದರೆ ಅದು ಬರೀ ಕಣ್ಣುಮುಚ್ಚಾಲೆ. ಉಪಾಯ ಕಲಿಸುವ ಅವಸರದಲ್ಲಿ ನಮ್ಮ ಪಾಠಯೋಜನೆಗಳು ಈ ಎಣಿಕೆಯನ್ನೇ ಬಿಡುತ್ತವೆ.

ಯಾವ ಪದ ಮೊದಲು ಎಂಬ ಪ್ರಶ್ನೆ ವೆಸ್ಟ್ ಅವರನ್ನು ಬಿಡಲಿಲ್ಲ. 1934ರಲ್ಲಿ ನ್ಯೂಯಾರ್ಕಿನಲ್ಲಿ ಕಾರ್ನೆಗಿ ಸಂಸ್ಥೆಯ ನೆರವಿನಿಂದ ಸಮ್ಮೇಳನ ಸೇರಿದಾಗ, ಮಾತೇ ಮೊದಲು ಎನ್ನುತ್ತಿದ್ದ ಹೆರಾಲ್ಡ್ ಪಾಮರ್ ಜೊತೆಗೂ ಕೂತು ಕೆಲಸ ಮಾಡಿದರು. ಅದರ ಫಲವಾಗಿ 1953ರಲ್ಲಿ ಸುಮಾರು 2,000 ಪದಗಳ ‘ಜನರಲ್ ಸರ್ವಿಸ್ ಲಿಸ್ಟ್’ ಹೊರಬಂತು. ಒಂದೇ ಪದದ ಯಾವ ಅರ್ಥ ಶೇಕಡಾ ಎಷ್ಟು ಸಲ ಬರುತ್ತದೆ ಎಂಬುದೂ ಅದರಲ್ಲಿದೆ. ಬಿ.ಎಸ್ಸಿ. ಓದಿದ ನನಗೆ ಅದು ಪ್ರಯೋಗಾಲಯದ ಕೆಲಸದಂತೆಯೇ ಕಂಡಿತು.

1960ರಲ್ಲಿ, ಎಪ್ಪತ್ತು ದಾಟಿದ ಮೇಲೂ, ಕಿಕ್ಕಿರಿದ ತರಗತಿಗಳಲ್ಲಿ ಇಂಗ್ಲಿಷ್ ಕಲಿಸುವವರಿಗಾಗಿ ಇನ್ನೊಂದು ಪುಸ್ತಕ ಬರೆದರು. 1973ರಲ್ಲಿ ತೀರಿಕೊಂಡರು.