ಟೆಲಿಫೋನಿಗೂ ಮೊದಲು: ಗ್ರಹಾಂ ಬೆಲ್ ಮತ್ತು ವ್ಯಂಜನಗಳು

ಗಂಟಲ ಮೇಲೆ ಎರಡು ಬೆರಳಿಟ್ಟು ಬಸ್ ಅನ್ನೋ ಪದದ ಕೊನೆಯ ಸದ್ದನ್ನು ಎಳೆಯಿರಿ. ಆಮೇಲೆ ಝೂ ಅನ್ನೋದರ ಮೊದಲ ಸದ್ದನ್ನು ಇಂಗ್ಲಿಷಿನವರ ಥರ ಎಳೆಯಿರಿ. ನಾಲಿಗೆ ಇದ್ದಲ್ಲೇ ಇದೆ, ಆದರೆ ಎರಡನೇ ಸಲ ಗಂಟಲು ಅದುರುತ್ತೆ. ಇಂಗ್ಲಿಷಿನ 24 ವ್ಯಂಜನಗಳನ್ನು ವಿಂಗಡಿಸೋಕೆ ಮೂರು ಪ್ರಶ್ನೆ ಕೇಳ್ತಾರೆ. ಉಸಿರಿಗೆ ಅಡ್ಡಿ ಎಲ್ಲಿ? ಅದು ಎಂಥ ಅಡ್ಡಿ? ಗಂಟಲು ಅದುರುತ್ತಾ, ಇಲ್ವಾ?

ಅಲೆಕ್ಸಾಂಡರ್ ಗ್ರಹಾಂ ಬೆಲ್ ಬೆಳೆದದ್ದೇ ಈ ಪ್ರಶ್ನೆಗಳ ನಡುವೆ. 1847ರ ಮಾರ್ಚ್ 3ರಂದು ಎಡಿನ್‌ಬರೋದಲ್ಲಿ ಹುಟ್ಟಿದರು. ಅಜ್ಜ, ಅಪ್ಪ ಇಬ್ಬರದೂ ಉಚ್ಚಾರಣೆ ಕಲಿಸುವ ಕಸುಬು. ಅಪ್ಪ ಮೆಲ್ವಿಲ್ ಬೆಲ್ 1867ರಲ್ಲಿ ವಿಸಿಬಲ್ ಸ್ಪೀಚ್ ಎಂಬ ಲಿಪಿಯನ್ನು ಪ್ರಕಟಿಸಿದರು. ಅದರಲ್ಲಿ ವ್ಯಂಜನಕ್ಕೆ ಕುದುರೆ ಲಾಳದಂಥ ಗುರುತು. ಲಾಳ ಯಾವ ಕಡೆ ತಿರುಗಿದೆ ಅನ್ನೋದು ತುಟಿಯೋ, ನಾಲಿಗೆಯ ತುದಿಯೋ, ಬುಡವೋ ಅಂತ ಹೇಳುತ್ತೆ. ಒಳಗೊಂದು ಗೆರೆ ಇದ್ದರೆ ಗಂಟಲು ಅದುರುತ್ತೆ ಅಂತ ಅರ್ಥ. ಅಪ್ಪ ಬರೆದದ್ದನ್ನು ನೋಡಿ ಮಗ ತನಗೆ ಗೊತ್ತೇ ಇಲ್ಲದ ಸಂಸ್ಕೃತದ ಪದಗಳನ್ನೂ ಸರಿಯಾಗಿ ಉಚ್ಚರಿಸುತ್ತಿದ್ದರಂತೆ. ಕಂಠದಿಂದ ತುಟಿವರೆಗೆ ಜೋಡಿಸಿದ ಕ-ಚ-ಟ-ತ-ಪ ಸಾಲುಗಳನ್ನು ಬಾಯಿಪಾಠ ಮಾಡಿದ ನಮಗೆ ಈ ಲೆಕ್ಕ ಹೊಸದೇನಲ್ಲ.

ಹದಿಹರೆಯದಲ್ಲಿ ಬೆಲ್ ಮತ್ತು ಅವರ ಅಣ್ಣ ಸೇರಿ ಮಾತಾಡುವ ತಲೆಯೊಂದನ್ನು ಮಾಡಿದರು. ತಿದಿ ಒತ್ತಿ, ತುಟಿ ಅಲ್ಲಾಡಿಸಿದರೆ ಅದು ಮಾಮಾ ಅನ್ನುತ್ತಿತ್ತು. ಆಮೇಲೆ ಮನೆಯ ನಾಯಿಗೆ ಒಂದೇ ಸಮ ಗುರುಗುಟ್ಟಲು ಕಲಿಸಿ, ಅದರ ಬಾಯಿಯನ್ನು ಕೈಯಲ್ಲಿ ಆಡಿಸಿ, ಮಾತಿನಂಥ ಸದ್ದು ಹೊರಡಿಸಿದರು!

ಆದರೆ ಮನೆಯಲ್ಲಿ ಆಟಕ್ಕಿಂತ ನೋವೇ ಹೆಚ್ಚಿತ್ತು. ತಾಯಿಗೆ ಕಿವಿ ಮಂದವಾಗುತ್ತಾ ಬಂತು. ಮಗ ಬೆರಳಿನ ಅಕ್ಷರ ಕಲಿತು ಅವರಿಗೆ ಸುತ್ತಲಿನ ಮಾತನ್ನು ತಿಳಿಸುತ್ತಿದ್ದರು. ಇಬ್ಬರು ಸಹೋದರರನ್ನೂ ಕ್ಷಯ ಬಲಿ ತೆಗೆದುಕೊಂಡಿತು. ಉಳಿದವರು 1870ರಲ್ಲಿ ಕೆನಡಾಕ್ಕೆ ಹೊರಟರು. ಮರುವರ್ಷ ಬೆಲ್ ಬಾಸ್ಟನ್ನಿನಲ್ಲಿ ಕಿವಿ ಕೇಳದವರ ಶಾಲೆಯ ಶಿಕ್ಷಕರಿಗೆ ಅಪ್ಪನ ಲಿಪಿ ಕಲಿಸತೊಡಗಿದರು.

ಟೆಲಿಫೋನ್ ಹುಟ್ಟಿದ್ದು ಈ ಹಿನ್ನೆಲೆಯಲ್ಲೇ. ಟೆಲಿಗ್ರಾಫ್‌ನಲ್ಲಿ ಕರೆಂಟ್ ಇದೆ ಅಥವಾ ಇಲ್ಲ, ಅಷ್ಟೇ. ಮಾತು ಹಾಗಲ್ಲ, ಅದಕ್ಕೆ ಗಾಳಿಯ ಅಲೆಯಂತೆಯೇ ಏರಿಳಿಯುವ ಕರೆಂಟ್ ಬೇಕು ಅಂತ ಬೆಲ್ ಹಿಡಿದುಕೊಂಡರು. 1876ರ ಮಾರ್ಚ್ 7ಕ್ಕೆ ಪೇಟೆಂಟ್ ಸಿಕ್ಕಿತು. ಮೂರೇ ದಿನದಲ್ಲಿ ಪಕ್ಕದ ಕೋಣೆಯಲ್ಲಿದ್ದ ವಾಟ್ಸನ್‌ಗೆ ತಂತಿಯಲ್ಲಿ ಅವರ ಮಾತು ಕೇಳಿಸಿತು. ಮರುವರ್ಷ ತಮ್ಮ ಶಿಷ್ಯೆಯಾಗಿದ್ದ ಮೇಬಲ್ ಹಬ್ಬರ್ಡ್ ಅವರನ್ನು ಮದುವೆಯಾದರು. ಐದರ ಆಸುಪಾಸಿನಲ್ಲೇ ಜ್ವರದಿಂದ ಕಿವಿ ಕಳೆದುಕೊಂಡಿದ್ದ ಮೇಬಲ್ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು.

ಎಲ್ಲರೂ ಮೇಬಲ್ ಥರ ಆಗಬಹುದು ಅಂತ ಬೆಲ್ ನಂಬಿದ್ದೇ ಎಡವಟ್ಟಾಯಿತು. ಕನ್ನಡಿ ಮುಂದೆ ನಿಂತು ಸದ್ದಿಲ್ಲದೆ ಪ್ಯಾಟ್, ಬ್ಯಾಟ್, ಮ್ಯಾಟ್ ಅಂದು ನೋಡಿ. ಮೂರೂ ಒಂದೇ ಥರ ಕಾಣುತ್ತವೆ! ಮೂರರಲ್ಲೂ ಅಡ್ಡಿ ತುಟಿಯಲ್ಲೇ, ವ್ಯತ್ಯಾಸ ಇರೋದು ಕಣ್ಣಿಗೆ ಬೀಳದ ಗಂಟಲಲ್ಲಿ, ಮೂಗಿನ ದಾರಿಯಲ್ಲಿ. ಇದು ಬೆಲ್‌ಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಅವರು ಕಿವಿ ಕೇಳದ ಮಕ್ಕಳಿಗೆ ಸನ್ನೆ ಭಾಷೆ ಬೇಡ, ಬಾಯಿಮಾತೇ ಬೇಕು ಎಂದು ವಾದಿಸಿದರು. ಕಿವಿ ಕೇಳದವರು ತಮ್ಮತಮ್ಮಲ್ಲೇ ಮದುವೆಯಾಗುವುದರ ವಿರುದ್ಧವೂ ಬರೆದರು. 1880ರಲ್ಲಿ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವೂ ಬಾಯಿಮಾತಿನ ಪರವೇ ನಿರ್ಣಯ ಮಾಡಿತು. ಅದೇ ಸರಣಿಯ ಸಮ್ಮೇಳನ ಆ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ಸೂಚಿಸಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ. ಅಷ್ಟರಲ್ಲಿ ಎಷ್ಟೋ ತಲೆಮಾರಿನ ಮಕ್ಕಳು ಕೈ ಕಟ್ಟಿಕೊಂಡೇ ಕಲಿಯಬೇಕಾಯಿತು.

ಬೆಲ್ 1922ರ ಆಗಸ್ಟ್ 2ರಂದು ಕೆನಡಾದ ನೋವಾ ಸ್ಕೋಷಿಯಾದಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಯ ಹೊತ್ತಿಗೆ ಉತ್ತರ ಅಮೆರಿಕದ ಟೆಲಿಫೋನುಗಳು ಒಂದು ನಿಮಿಷ ಸುಮ್ಮನಾದವು. ನಾಳೆ ನಾವೂ ಯಾರಿಗೋ ಸಹಾಯ ಆಗಲಿ ಅಂತ ಏನಾದರೂ ಕಟ್ಟುತ್ತೇವಲ್ಲ, ಆಗ ಅವರಿಗೆ ಏನು ಬೇಕು ಅಂತ ಅವರನ್ನೇ ಒಂದು ಮಾತು ಕೇಳೋಣ. ತಾಯಿಯ ಜೊತೆ ಬೆರಳಲ್ಲಿ ಮಾತಾಡಿದ ಬೆಲ್ ಮರೆತದ್ದು ಅದೊಂದನ್ನೇ.