ಕಿವಿ ಹಣ್ಣಿನ ತಳಿ ಕೊಟ್ಟ ಹೇವರ್ಡ್ ರೈಟ್

ಪಟ್ಟಣದ ಹಣ್ಣಿನಂಗಡಿಗೆ ಹೋದವರು ಕಿವಿ ಹಣ್ಣನ್ನು ನೋಡಿಯೇ ಇರುತ್ತಾರೆ. ಮೇಲೆ ಕಂದು ಬಣ್ಣ, ಸಣ್ಣ ರೋಮ. ಕೊಯ್ದರೆ ಒಳಗೆ ಹಸಿರು ತಿರುಳು, ಎಳ್ಳಿನಂಥ ಕಪ್ಪು ಬೀಜ. ಹೆಸರು ಕೇಳಿ ನಮ್ಮ ಕಡೆ ನಗುವವರೂ ಉಂಟು. ನಮ್ಮ ಕಿವಿಗೂ ಅದಕ್ಕೂ ಸಂಬಂಧವಿಲ್ಲ, ಅದು ನ್ಯೂಜಿಲೆಂಡಿನ ಒಂದು ಹಕ್ಕಿಯ ಹೆಸರು. ಲೋಕದಲ್ಲಿ ಬೆಳೆಯುವ ಹಸಿರು ಕಿವಿ ಹಣ್ಣಿನಲ್ಲಿ ಬಹುಪಾಲು ಒಂದೇ ತಳಿಯದು. ಅದರ ಹೆಸರು ಹೇವರ್ಡ್. ಆ ತಳಿಯನ್ನು ಆರಿಸಿಕೊಟ್ಟವರು ಹೇವರ್ಡ್ ರೈಟ್ (1873–1959). ಆಕ್ಲೆಂಡ್ ನಗರದ ಅವೊಂಡೇಲ್ ಎಂಬಲ್ಲಿ ಸಸಿ ಬೆಳೆಸಿ ಮಾರಿ ಜೀವನ ನಡೆಸಿದ ನರ್ಸರಿಯವರು ಅವರು.

ಈ ಬಳ್ಳಿಯ ತವರು ಚೀನಾ. ಅಲ್ಲಿನ ಕಾಡಿನಲ್ಲಿ ಮರಗಳಿಗೆ ಹಬ್ಬಿಕೊಂಡು ಬೆಳೆಯುತ್ತದೆ. ನ್ಯೂಜಿಲೆಂಡಿನ ವಾಂಗನುಯಿ ಊರಿನ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ಇಸಾಬೆಲ್ ಫ್ರೇಸರ್, ಚೀನಾದ ಯಿಚಾಂಗ್‌ನಲ್ಲಿದ್ದ ತಂಗಿಯನ್ನು ನೋಡಿಕೊಂಡು 1904ರಲ್ಲಿ ಮರಳುವಾಗ ಒಂದಿಷ್ಟು ಬೀಜ ತಂದರು. ಅವು ಕೈಯಿಂದ ಕೈಗೆ ಹೋಗಿ ಅಲೆಕ್ಸಾಂಡರ್ ಅಲಿಸನ್ ಎಂಬವರ ತೋಟ ಸೇರಿದವು. 1910ರಲ್ಲಿ ಅಲ್ಲಿ ಹಣ್ಣು ಬಿಟ್ಟಿತು. ನಮ್ಮ ಪರಂಗಿಯ ಹಾಗೆ ಕಿವಿಯಲ್ಲಿಯೂ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಆ ಹಿಡಿ ಬೀಜದಲ್ಲಿ ಎರಡೂ ಇದ್ದದ್ದು ಅದೃಷ್ಟವೆಂದೇ ಹೇಳಬೇಕು.

ಆ ಬಳ್ಳಿಗಳ ಸಂತತಿಯ ಬೀಜ ರೈಟ್ ಅವರ ನರ್ಸರಿಗೂ ಬಂತು. ಹೊಸ ಹಣ್ಣಿನ ಗಿಡಗಳನ್ನು ಬೆಳೆಸಿ ನೋಡುವುದು ಅವರಿಗೆ ವ್ಯಾಪಾರವೂ ಹೌದು, ಹವ್ಯಾಸವೂ ಹೌದು. ಬೀಜದಿಂದ ಎದ್ದ ಕಿವಿ ಸಸಿಗಳು ವಾಟೆ ಮಾವಿನಂತೆ, ಒಂದರಂತೆ ಇನ್ನೊಂದಿಲ್ಲ. ಹೂವು ಬರುವವರೆಗೆ ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಹೂವಿಗೆ ಹಲವು ವರ್ಷ ಕಾಯಬೇಕು. ಗಂಡಾದರೆ ಅಷ್ಟು ವರ್ಷದ ಗೊಬ್ಬರ, ನೀರು, ಚಪ್ಪರ ಎಲ್ಲ ದಂಡ. ಹೆಣ್ಣಾದರೂ ಹಣ್ಣು ಸಣ್ಣದಿರಬಹುದು, ಹುಳಿಯಿರಬಹುದು.

ರೈಟ್ ಅವರು 1920ರ ದಶಕದಲ್ಲಿ ಹೀಗೆ ಎಬ್ಬಿಸಿದ್ದು ಸುಮಾರು 40 ಸಸಿಗಳು ಎನ್ನುತ್ತಾರೆ. ಅವುಗಳಲ್ಲಿ ಒಂದರ ಹಣ್ಣು ದಪ್ಪಗೆ, ಮೊಟ್ಟೆಯಾಕಾರದಲ್ಲಿ, ಒಳ್ಳೆಯ ರುಚಿಯಿಂದ ಬಂತು. ಅದನ್ನು ಉಳಿಸಿಕೊಂಡು ಕಸಿ ಕಟ್ಟಿ ಮಾರತೊಡಗಿದರು. ಅವರು ಮಾಡಿದ ದೊಡ್ಡ ಕೆಲಸ ಇಷ್ಟೇ. ಆದರೆ ಇಂದು ಯಾವ ದೇಶದ ಹೇವರ್ಡ್ ಬಳ್ಳಿಯನ್ನು ತೆಗೆದುಕೊಂಡರೂ ಅದು ಅವೊಂಡೇಲ್‌ನ ಆ ಒಂದು ಬಳ್ಳಿಯ ಕಡ್ಡಿಯಿಂದ ಕಡ್ಡಿಗೆ ಇಳಿದು ಬಂದದ್ದು. 1935ರಲ್ಲಿ ಅವರಿಂದ ಅಮೆರಿಕದ ಚಿಕೊ ಎಂಬಲ್ಲಿನ ಸರ್ಕಾರಿ ಸಸ್ಯಕೇಂದ್ರಕ್ಕೆ ಹೋದ ಗಿಡವೇ ಕ್ಯಾಲಿಫೋರ್ನಿಯಾದ ತೋಟಗಳಿಗೆ ಮೂಲವಾಯಿತು.

ಆರಂಭದಲ್ಲಿ ಬೆಳೆಗಾರರು ಈ ತಳಿಯನ್ನು ಅಷ್ಟಾಗಿ ಮೆಚ್ಚಲಿಲ್ಲ. ಕಾರಣವೂ ಇತ್ತು. ಬ್ರೂನೋ, ಅಬಾಟ್, ಅಲಿಸನ್, ಮಾಂಟಿ ಮುಂತಾದ ತಳಿಗಳು ಇದಕ್ಕಿಂತ ಹೆಚ್ಚು ಕಾಯಿ ಬಿಡುತ್ತವೆ. ಹೇವರ್ಡ್ ಹೂ ಬಿಡುವುದು ತಡ, ಇಳುವರಿಯೂ ತುಸು ಕಡಿಮೆ. ಆದರೆ 1952ರಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಹಣ್ಣು ಹೋಗಲು ಶುರುವಾದ ಮೇಲೆ ಲೆಕ್ಕವೇ ಬದಲಾಯಿತು. ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಕೆಡದೆ ನಿಲ್ಲುವ ಗುಣ ಹೇವರ್ಡ್‌ನದೇ. 1970ರ ದಶಕ ಮುಗಿಯುವಷ್ಟರಲ್ಲಿ ನ್ಯೂಜಿಲೆಂಡಿನ ರಫ್ತು ತೋಟಗಳಲ್ಲಿ ಉಳಿದ ತಳಿಗಳು ಹಿಂದೆ ಸರಿದಿದ್ದವು. ತೂಕವನ್ನಷ್ಟೇ ನೋಡಿ ತಳಿ ಆರಿಸುವ ರೈತ ಬಾಂಧವರು ಇದನ್ನು ಗಮನಿಸಬೇಕು.

ಒಳ್ಳೆಯ ತಳಿಯಾದರೂ ಕತ್ತರಿ ಹಿಡಿಯದಿದ್ದರೆ ಫಲವಿಲ್ಲ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಚಾಟ್ನಿ ಎನ್ನುವ ಕೆಲಸ ಕಿವಿಗೂ ಬೇಕೇ ಬೇಕು. ಹಿಂದಿನ ವರ್ಷ ಬೆಳೆದ ಕಡ್ಡಿಯಿಂದ ಈ ವರ್ಷ ಒಡೆಯುವ ಚಿಗುರಿನ ಬುಡದ ಗೆಣ್ಣುಗಳಲ್ಲಿ ಕಾಯಿ ಕೂರುತ್ತದೆ. ಒಮ್ಮೆ ಕಾಯಿ ಬಿಟ್ಟ ಗೆಣ್ಣಿನಲ್ಲಿ ಮತ್ತೆ ಮೊಗ್ಗು ಬರುವುದಿಲ್ಲ. ಆದ್ದರಿಂದ ಹಳೆಯ ಕಡ್ಡಿಗಳನ್ನು ತೆಗೆದು, ಮುಖ್ಯ ತೋಳಿನ ಹತ್ತಿರದಿಂದ ಹೊಸ ಕಡ್ಡಿಗಳನ್ನು ಬೆಳೆಸಿಕೊಳ್ಳುತ್ತಿರಬೇಕು. ಇಲ್ಲವಾದರೆ ಎರಡು ಮೂರು ವರ್ಷದಲ್ಲಿ ಚಪ್ಪರದ ತುಂಬ ಎಲೆ, ಕಾಯಿ ಮಾತ್ರ ತುದಿಯಲ್ಲಿ ನಾಲ್ಕು. ಸವರುವ ಕಾಲ ಕಡು ಚಳಿಗಾಲ, ಎಲೆ ಉದುರಿ ಬಳ್ಳಿ ಮಲಗಿರುವಾಗ. ಚಿಗುರುವ ಸಮಯದಲ್ಲಿ ಕತ್ತರಿಸಿದರೆ ಗಾಯದಿಂದ ರಸ ನೀರಿನಂತೆ ಸುರಿಯುತ್ತದೆ. ಗಂಡು ಬಳ್ಳಿಯನ್ನು ಮಾತ್ರ ಹೂವು ಮುಗಿದ ಕೂಡಲೇ ಸವರಬೇಕು. ಚಳಿಯಲ್ಲಿ ಬಲವಾಗಿ ಸವರಿದರೆ ಹೂವೇ ಹೋಗುತ್ತದೆ. ಏಳೆಂಟು ಹೆಣ್ಣಿಗೆ ಒಂದು ಗಂಡು ಸಾಕು. ಹೇವರ್ಡ್ ತಡವಾಗಿ ಅರಳುವುದರಿಂದ ಅದರ ಜೊತೆಗೆ ತಡವಾಗಿಯೇ ಅರಳುವ ಟೊಮೂರಿ ಎಂಬ ಗಂಡು ತಳಿಯನ್ನು ಹಾಕುತ್ತಾರೆ.

ಮೊದಲು ಈ ಹಣ್ಣಿಗೆ ಚೈನೀಸ್ ಗೂಸ್‌ಬೆರಿ ಎನ್ನುತ್ತಿದ್ದರು. ಅಮೆರಿಕದ ಮಾರುಕಟ್ಟೆಗೆ ಆ ಹೆಸರು ಒಗ್ಗದೆಂದು 1959ರಲ್ಲಿ ಆಕ್ಲೆಂಡಿನ ಟರ್ನರ್ಸ್ ಅಂಡ್ ಗ್ರೋವರ್ಸ್ ಕಂಪನಿ ಕಿವಿ ಹಣ್ಣು ಎಂದು ಕರೆಯಿತು. ಅದೇ ವರ್ಷ ರೈಟ್ ತೀರಿಕೊಂಡರು. ತಳಿಗೆ ಅವರ ಹೆಸರು ಬಿದ್ದದ್ದೂ ಹೆಚ್ಚುಕಡಿಮೆ ಆ ಕಾಲದಲ್ಲೇ. ಹೆಸರು ಸಿಕ್ಕಿತು, ಹಣ ಸಿಗಲಿಲ್ಲ. ತಳಿ ಕಂಡುಹಿಡಿದವನಿಗೆ ಹಕ್ಕು ಕೊಡುವ ಕಾಯಿದೆ ನ್ಯೂಜಿಲೆಂಡಿನಲ್ಲಿ ಬಂದದ್ದು 1973ರಲ್ಲಿ. ಅಲ್ಲಿಯವರೆಗೆ ಒಂದು ಗಿಡ ಕೊಂಡವನು ಅದರಿಂದ ಸಾವಿರ ಕಸಿ ಕಟ್ಟಿ ಮಾರಿದರೂ ಕೇಳುವವರಿರಲಿಲ್ಲ.

ನಮ್ಮ ದೇಶದಲ್ಲಿ ಕಿವಿ ಬಳ್ಳಿಯನ್ನು ಮೊದಲು ನೆಟ್ಟದ್ದು ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ, 1960ರಲ್ಲಿ, ಅಲಂಕಾರದ ಗಿಡವಾಗಿ. ಬಳ್ಳಿ ಬೆಳೆಯಿತು, ಕಾಯಿ ಬಿಡಲಿಲ್ಲ. ಬೆಂಗಳೂರಿನ ಚಳಿ ಅದಕ್ಕೆ ಸಾಲದು. ಹೇವರ್ಡ್ ಸರಿಯಾಗಿ ಮೊಗ್ಗೊಡೆಯಲು ಚಳಿಗಾಲದಲ್ಲಿ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ಒಟ್ಟು 700ರಿಂದ 800 ಗಂಟೆಯಷ್ಟಾದರೂ ಬೇಕು. 1963ರಲ್ಲಿ ಶಿಮ್ಲಾದಲ್ಲಿ ಹೇವರ್ಡ್ ಸೇರಿ ಹಲವು ತಳಿಗಳನ್ನು ನೆಟ್ಟರು. 1969ರಲ್ಲಿ ಅಲ್ಲಿ ಹಣ್ಣು ಬಂತು. ಈಗ ಹಿಮಾಚಲ, ಅರುಣಾಚಲ ಮುಂತಾದ ಗುಡ್ಡಗಾಡು ರಾಜ್ಯಗಳಲ್ಲಿ ಸಾಕಷ್ಟು ತೋಟಗಳಿವೆ. ನಮ್ಮ ಬಯಲುಸೀಮೆಯ ಸಂತೆಗಳಲ್ಲಿ ಕಿವಿ ಸಸಿ ಎಂದು ಮಾರಲು ಬಂದರೆ, ಅದು ಕಸಿಯದಾಗಿದ್ದರೂ, ಹೇವರ್ಡ್ ಎಂಬ ಚೀಟಿ ಕಟ್ಟಿದ್ದರೂ, ಹಣ್ಣಿನ ಆಸೆಗೆ ಕೊಳ್ಳಬೇಡಿ. ಮನೆ ಮುಂದೆ ನೆರಳಿಗೆ ಬೇಕಾದರೆ ಮಲ್ಲಿಗೆ ಬಳ್ಳಿ ಹಬ್ಬಿಸಿ, ಹೂವಾದರೂ ಸಿಗುತ್ತದೆ.